ಕೆಡವಿದ ಪಬ್ಬನ್ನು ಇದ್ದ ಹಾಗೆಯೇ ಮತ್ತೆ ಕಟ್ಟಿಸಿದ್ದೇಕೆ?

ಪ್ರಶ್ನೆ: ಲಂಡನ್ನಿನ ಕಿಲ್ಬರ್ನ್ ಬಳಿ ಇರುವ ಮಗಳ ಮನೆಗೆ ಹೋಗಿ ಕೆಲವು ವಾರ ಇದ್ದು ಬಂದೆ. ಅವರ ಮನೆಯ ಹತ್ತಿರ, ಫ್ಲ್ಯಾಟುಗಳ ನಡುವೆ ಒಂಟಿಯಾಗಿ ನಿಂತಿರುವ ಹಳೆಯ ಇಟ್ಟಿಗೆ ಕಟ್ಟಡದ ಪಬ್ ಒಂದಿದೆ. ಹಳೆಯದು ಎಂದು ನಾನು ಮೆಚ್ಚಿಕೊಂಡಾಗ ನನ್ನ ಅಳಿಯ, ‘ಅದನ್ನು 2015ರಲ್ಲಿ ನೆಲಸಮ ಮಾಡಿದ್ದರು ಮಾವ, ನಗರಾಡಳಿತ ಹಟ ಹಿಡಿದು ಮೊದಲಿನಂತೆಯೇ ಕಟ್ಟಿಸಿತು’ ಎಂದರು. ಒಂದು ಹೆಂಡದಂಗಡಿಗೆ ಇಷ್ಟು ಆಸ್ಥೆ ಏಕೆ? ಅದರ ಚರಿತ್ರೆ ಏನು? ಮತ್ತೆ ಕಟ್ಟಿದ್ದನ್ನು ಹಳೆಯ ಕಟ್ಟಡ ಎನ್ನಬಹುದೇ? ನಾನು ಕುಡಿಯುವವನಲ್ಲ. ಮುಂದಿನ ಸಲ ಹೋದಾಗ ಒಳಗೆ ಹೋಗಿ ನೋಡಬಹುದೇ? (ಶಿವಮೊಗ್ಗದ ಒಬ್ಬ ನಿವೃತ್ತ ಅಧ್ಯಾಪಕರು)

ಉತ್ತರ: ನೀವು ನೋಡಿದ್ದು ಕಾರ್ಲ್‌ಟನ್ ಟ್ಯಾವರ್ನ್. ಕಿಲ್ಬರ್ನ್ ಮತ್ತು ಮೈಡಾ ವೇಲ್ ಬಡಾವಣೆಗಳು ಕೂಡುವ ಕಡೆ, ಕಾರ್ಲ್‌ಟನ್ ವೇಲ್ ಎಂಬ ರಸ್ತೆಯಲ್ಲಿದೆ. ನಿಮ್ಮ ಅಳಿಯ ಹೇಳಿದ್ದು ನಿಜ. ಕಟ್ಟಡ ಸಂರಕ್ಷಣೆಯ ಕೆಲಸದಲ್ಲಿರುವ ನಮ್ಮಂಥವರಿಗೆ ಈ ಪಬ್‌ನ ಪ್ರಕರಣ ಬಾಯಿಪಾಠ. ಅರಮನೆಯನ್ನೋ ಚರ್ಚನ್ನೋ ಉಳಿಸಿದ ಕಥೆಗಳು ಬೇಕಾದಷ್ಟಿವೆ. ಒಂದು ಸಾಧಾರಣ ಬಡಾವಣೆಯ ಸಾಧಾರಣ ಕಟ್ಟಡಕ್ಕೆ ಈ ಮಟ್ಟದ ನ್ಯಾಯ ಸಿಕ್ಕಿದ್ದು ಅಪರೂಪ.

ಮೊದಲು 2015ರಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ಪಬ್ಬನ್ನು ಕೊಂಡಿದ್ದ ಕಂಪನಿ ಅದನ್ನು ಕೆಡವಿ ಫ್ಲ್ಯಾಟುಗಳನ್ನು ಕಟ್ಟಲು ಅನುಮತಿ ಕೇಳಿತ್ತು. ವೆಸ್ಟ್‌ಮಿನ್‌ಸ್ಟರ್ ನಗರಾಡಳಿತ ಆ ಅರ್ಜಿಯನ್ನು ತಿರಸ್ಕರಿಸಿತು. ಅಷ್ಟರಲ್ಲಿ ಕಟ್ಟಡವನ್ನು ಸಂರಕ್ಷಿತ ಪಟ್ಟಿಗೆ, ಅಲ್ಲಿನ ಲೆಕ್ಕದಲ್ಲಿ ಎರಡನೇ ದರ್ಜೆಗೆ, ಸೇರಿಸುವ ಕೆಲಸ ಕೊನೆಯ ಹಂತಕ್ಕೆ ಬಂದಿತ್ತು. ಈಸ್ಟರ್ ಸೋಮವಾರ, ಎಂದರೆ ಏಪ್ರಿಲ್ 6ರಂದು, ಸಾಮಾನುಗಳ ಪಟ್ಟಿ ಮಾಡಬೇಕಾಗಿದೆ ಎಂದು ಹೇಳಿ ಪಬ್ಬನ್ನು ಮುಚ್ಚಿಸಲಾಯಿತು. ಎರಡು ದಿನ ಕಳೆದು ಬಂದು ನೋಡಿದರೆ ಬುಲ್ಡೋಜರ್ ಕೆಲಸ ಮುಗಿಸುತ್ತಿತ್ತು. ಒಳಗಿದ್ದ ಪೀಠೋಪಕರಣಗಳೂ ಅವಶೇಷಗಳಡಿ ಸಿಕ್ಕಿಕೊಂಡಿದ್ದವು. ಸಂರಕ್ಷಣೆಯ ಆದೇಶ ಹೊರಬೀಳಲು ಕೆಲವೇ ದಿನಗಳು ಉಳಿದಿದ್ದವು.

ಆ ಕೆಲವು ದಿನಗಳಿಗೆ ಕಾನೂನಿನಲ್ಲಿ ಬಹಳ ಬೆಲೆಯಿದೆ. ಇಂಗ್ಲೆಂಡಿನಲ್ಲಿ ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡವನ್ನು ಅನುಮತಿಯಿಲ್ಲದೆ ಕೆಡವಿದರೆ ಅದು ಕ್ರಿಮಿನಲ್ ಅಪರಾಧ. ಪಟ್ಟಿಗೆ ಸೇರಿಸುವ ಪರಿಶೀಲನೆ ನಡೆಯುತ್ತಿರುವ ಕಟ್ಟಡಕ್ಕೆ ಅಂಥ ರಕ್ಷಣೆ ತಾನಾಗಿ ಬರುವುದಿಲ್ಲ. ನಗರಾಡಳಿತ ಬಯಸಿದರೆ ಆರು ತಿಂಗಳ ತಾತ್ಕಾಲಿಕ ರಕ್ಷಣಾ ನೋಟಿಸ್ ಕೊಡಬಹುದು. ಆದರೆ ಕೊನೆಗೆ ಕಟ್ಟಡ ಪಟ್ಟಿಗೆ ಸೇರದಿದ್ದರೆ ಮಾಲೀಕರಿಗೆ ಪರಿಹಾರ ತೆರಬೇಕಾದೀತೆಂಬ ಅಂಜಿಕೆಯಿಂದ ಅದನ್ನು ಬಳಸುವವರು ಕಡಿಮೆ. ವೇಲ್ಸ್ 2016ರ ಕಾಯ್ದೆಯಲ್ಲಿ ಈ ಕಂಡಿಯನ್ನು ಮುಚ್ಚಿಕೊಂಡಿತು. ಪರಿಶೀಲನೆ ಆರಂಭವಾದ ದಿನದಿಂದಲೇ ಅಲ್ಲಿ ಮಧ್ಯಂತರ ರಕ್ಷಣೆ ಇದೆ. ಇಂಗ್ಲೆಂಡ್ ಕೂಡ ಆ ದಾರಿ ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ವೆಸ್ಟ್‌ಮಿನ್‌ಸ್ಟರ್ ಯಾವ ಬಲದ ಮೇಲೆ ಆದೇಶ ಹೊರಡಿಸಿತು? ನಗರ ಯೋಜನಾ ಕಾಯ್ದೆಯ ಬಲದ ಮೇಲೆ. ಅನುಮತಿಯಿಲ್ಲದೆ ಮಾಡಿದ ಬದಲಾವಣೆಯನ್ನು ಅಳಿಸಿ ಜಾಗವನ್ನು ಮೊದಲಿದ್ದ ಸ್ಥಿತಿಗೆ ತರಬೇಕೆಂದು ಹೇಳುವ ಅಧಿಕಾರ ಆ ಕಾಯ್ದೆಯಲ್ಲಿದೆ. ಸಾಮಾನ್ಯವಾಗಿ ಅದನ್ನು ಅಕ್ರಮವಾಗಿ ಕಟ್ಟಿದ್ದನ್ನು ಒಡೆಸಲು ಬಳಸುತ್ತಾರೆ. ಇಲ್ಲಿ ಅಕ್ರಮವಾಗಿ ಒಡೆದದ್ದನ್ನು ಕಟ್ಟಿಸಲು ಬಳಸಿದರು. ಮಾಲೀಕರು ಮೇಲ್ಮನವಿ ಹಾಕಿದರು, ಸಾರ್ವಜನಿಕ ವಿಚಾರಣೆ ನಡೆಯಿತು, 2016ರಲ್ಲಿ ಯೋಜನಾ ನಿರೀಕ್ಷಕರು ನಗರಾಡಳಿತದ ಆದೇಶವನ್ನೇ ಎತ್ತಿಹಿಡಿದರು. ದಂಡ ಕಟ್ಟಿ ಪಾರಾಗುವ ಅವಕಾಶ ಇರಲಿಲ್ಲ. 2021ರ ಏಪ್ರಿಲ್‌ನಲ್ಲಿ, ಕೊರೋನಾ ನಿರ್ಬಂಧಗಳು ಸಡಿಲಗೊಂಡಾಗ, ಪಬ್ ಮತ್ತೆ ಬಾಗಿಲು ತೆರೆಯಿತು.

ಇನ್ನು ‘ಇಷ್ಟು ಆಸ್ಥೆ ಏಕೆ’ ಎಂಬ ನಿಮ್ಮ ಪ್ರಶ್ನೆ. ಪ್ರಾಯ ಅದಕ್ಕೆ ಕಾರಣವಲ್ಲ. ಕಾರ್ಲ್‌ಟನ್ ಟ್ಯಾವರ್ನ್ ಕಟ್ಟಿದ್ದು 1920–21ರಲ್ಲಿ. ಲಂಡನ್ನಿನ ಅಳತೆಯಲ್ಲಿ ಅದು ಏನೂ ಹಳೆಯದಲ್ಲ. ಫ್ಲೀಟ್ ಸ್ಟ್ರೀಟ್‌ನ ‘ಯೀ ಓಲ್ಡ್ ಚೆಷೈರ್ ಚೀಸ್’ 1666ರ ಮಹಾ ಬೆಂಕಿಯ ಮರುವರ್ಷವೇ ಮತ್ತೆ ಎದ್ದ ಪಬ್. ನಾಟಿಂಗ್‌ಹ್ಯಾಮ್‌ನ ‘ಯೀ ಓಲ್ಡ್ ಟ್ರಿಪ್ ಟು ಜೆರುಸಲೇಮ್’ ತನ್ನ ಗೋಡೆಯ ಮೇಲೆ 1189 ಎಂದು ಬರೆದುಕೊಂಡಿದೆ. ಈಗಿರುವ ಕಟ್ಟಡ 17ನೆಯ ಶತಮಾನದ್ದು, ಆದರೂ ಪ್ರವಾಸಿಗರು ಮುಗಿಬೀಳುತ್ತಾರೆ. ಕಾರ್ಲ್‌ಟನ್ ಟ್ಯಾವರ್ನ್‌ಗೆ ಅಂಥ ಕಥೆ ಯಾವುದೂ ಇಲ್ಲ. ಅದರ ಮಹತ್ವ ಬೇರೆ ಕಡೆ ಇದೆ: ಒಂದು ನಿರ್ದಿಷ್ಟ ಕಾಲದಲ್ಲಿ ಒಂದು ಸಾಮಾನ್ಯ ಬಡಾವಣೆಯ ಜನ ಹೇಗೆ ಸೇರುತ್ತಿದ್ದರು, ಯಾರ ಜೊತೆ ಕೂರುತ್ತಿದ್ದರು, ಯಾರಿಂದ ದೂರ ಕೂರುತ್ತಿದ್ದರು ಎಂಬುದು ಆ ಕಟ್ಟಡದ ನಕ್ಷೆಯಲ್ಲೇ ಅಚ್ಚಳಿಯದೆ ಉಳಿದಿತ್ತು. ಇದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಂಗ್ಲಿಷ್ ಪಬ್ ಹುಟ್ಟಿದ್ದು ಮನೆಯಲ್ಲಿ. ಹಳ್ಳಿಯ ಹೆಂಗಸರು ಮನೆಬಳಕೆಗೆ ಏಲ್ ಎಂಬ ಒಂದು ಬಗೆಯ ಬಿಯರ್ ಕುದಿಸಿ, ಮಿಕ್ಕಿದ್ದನ್ನು ನೆರೆಯವರಿಗೆ ಮಾರುತ್ತಿದ್ದರು. ಕೊಂಡವರು ಅಡುಗೆಮನೆಯ ಬೆಂಚಿನ ಮೇಲೆಯೇ ಕೂತು ಕುಡಿದು ಹೋಗುತ್ತಿದ್ದರು. 1552ರ ಕಾಯ್ದೆ ಇದಕ್ಕೆ ಸ್ಥಳೀಯ ಮ್ಯಾಜಿಸ್ಟ್ರೇಟರ ಪರವಾನಗಿಯನ್ನು ಕಡ್ಡಾಯ ಮಾಡಿತು. ಅಂದಿನಿಂದ ಸುಮಾರು ನಾಲ್ಕೂವರೆ ಶತಮಾನಗಳ ಕಾಲ ಪಬ್‌ನ ಅಳಿವು ಉಳಿವು ಮ್ಯಾಜಿಸ್ಟ್ರೇಟರ ಕೈಯಲ್ಲಿತ್ತು. ಮಾರುವವನು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಸಂಸಾರ ಮಾಡುವುದು, ಅವನ ಹೆಂಡತಿ ವ್ಯವಹಾರದ ಅರ್ಧ ಹೊರೆ ಹೊರುವುದು, ಇವೆರಡೂ ಆ ಮೂಲದಿಂದ ಬಂದು ಇವತ್ತಿಗೂ ಅನೇಕ ಕಡೆ ಉಳಿದುಕೊಂಡಿರುವ ಪದ್ಧತಿಗಳು.

ದೊಡ್ಡ ತಿರುವು ಬಂದದ್ದು 1830ರಲ್ಲಿ. ಬಡವರು ಜಿನ್ ಎಂಬ ಕಡು ಮದ್ಯ ಕುಡಿದು ಹಾಳಾಗುತ್ತಿದ್ದಾರೆ, ಬಿಯರ್ ಅಗ್ಗವಾದರೆ ಅವರು ಅತ್ತ ತಿರುಗುತ್ತಾರೆ ಎಂದು ಸರ್ಕಾರ ಭಾವಿಸಿತು. ತೆರಿಗೆ ಕಟ್ಟುವ ಮನೆಯ ಯಜಮಾನ ಎರಡು ಗಿನಿ (ಎರಡು ಪೌಂಡಿಗಿಂತ ತುಸು ಹೆಚ್ಚು) ಶುಲ್ಕ ಕೊಟ್ಟರೆ ಸಾಕು, ಮ್ಯಾಜಿಸ್ಟ್ರೇಟರ ಮುಂದೆ ಹೋಗದೆ ಬಿಯರ್ ಮಾರಬಹುದು ಎಂಬ ಕಾಯ್ದೆ ಬಂತು. ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರ ಹೊಸ ಬಿಯರ್ ಮನೆಗಳು ಎದ್ದವು. ಸಾಲುಮನೆಗಳ ಮೂಲೆಯ ಮನೆ, ಕಮ್ಮಾರಸಾಲೆಯ ಪಕ್ಕದ ಕೋಣೆ, ದಿನಸಿ ಅಂಗಡಿಯ ಹಿಂಬದಿ, ಎಲ್ಲವೂ ಬಿಯರ್ ಮನೆಗಳಾದವು. ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ಪ್ರತಿ ಬೀದಿಯ ತಿರುವಿನಲ್ಲಿ ಪಬ್ ಕಾಣುವುದಕ್ಕೆ ಈ ಕಾಯ್ದೆಯೇ ಮುಖ್ಯ ಕಾರಣ. 1869ರಲ್ಲಿ ಮತ್ತೆ ಎಲ್ಲವನ್ನೂ ಮ್ಯಾಜಿಸ್ಟ್ರೇಟರ ಹತೋಟಿಗೆ ತರಲಾಯಿತು. ಹೊಸ ಪರವಾನಗಿ ಸಿಗುವುದು ಕಷ್ಟವಾಯಿತು. ಸಿಗದ ವಸ್ತುವಿಗೆ ಬೆಲೆ ಏರುವುದು ಸಹಜವಲ್ಲವೇ? ಬ್ರೂವರಿಗಳು, ಎಂದರೆ ಬಿಯರ್ ತಯಾರಿಸುವ ಕಂಪನಿಗಳು, ಪರವಾನಗಿ ಇರುವ ಪಬ್‌ಗಳನ್ನು ಪೈಪೋಟಿಗೆ ಬಿದ್ದು ಕೊಳ್ಳತೊಡಗಿದವು, ಇಲ್ಲವೇ ಮಾಲೀಕರಿಗೆ ಸಾಲ ಕೊಟ್ಟು ತಮ್ಮ ಬಿಯರನ್ನೇ ಮಾರುವ ಕರಾರಿಗೆ ಕಟ್ಟಿಹಾಕಿದವು. 1890ರ ದಶಕದ ಲಂಡನ್ನಿನಲ್ಲಿ ಈ ಪೈಪೋಟಿ ಹುಚ್ಚಿನ ಮಟ್ಟಕ್ಕೆ ಹೋಗಿ, ಶತಮಾನದ ಕೊನೆಗೆ ಕುಸಿಯಿತು. ಕೆತ್ತಿದ ಗಾಜು, ಮಹಾಗನಿ ಮರ, ಮೆರುಗಿನ ಟೈಲುಗಳಿಂದ ಹೊಳೆಯುವ ಪಬ್‌ಗಳ ಚಿತ್ರ ನಿಮ್ಮ ಮನಸ್ಸಿನಲ್ಲಿದ್ದರೆ ಅವು ಹೆಚ್ಚಾಗಿ ಈ ಹತ್ತು ವರ್ಷಗಳ ಫಸಲು.

ಈ ಕಾಲದ ಪಬ್‌ನ ಒಳಗೆ ಒಂದು ದೊಡ್ಡ ಕೋಣೆ ಇರುತ್ತಿರಲಿಲ್ಲ. ಮರದ ಮತ್ತು ಮಂಜುಗಾಜಿನ ತಡಿಕೆಗಳಿಂದ ಬೇರ್ಪಡಿಸಿದ ಹಲವು ಚಿಕ್ಕ ಕೋಣೆಗಳಿರುತ್ತಿದ್ದವು. ಒಂದೊಂದಕ್ಕೂ ಬೀದಿಯಿಂದ ಬೇರೆ ಬಾಗಿಲು. ಕೂಲಿಕಾರರಿಗೆ ಪಬ್ಲಿಕ್ ಬಾರ್: ಬರಿಯ ಹಲಗೆಯ ನೆಲ, ಗಟ್ಟಿ ಬೆಂಚು, ಕಡಿಮೆ ಬೆಲೆ. ಗುಮಾಸ್ತರಿಗೂ ಅಂಗಡಿಕಾರರಿಗೂ ಸಲೂನ್ ಬಾರ್: ನೆಲಹಾಸು, ಮೆತ್ತೆ ಹಾಕಿದ ಆಸನ, ಅದೇ ಬಿಯರ್‌ಗೆ ತುಸು ಹೆಚ್ಚು ದರ. ಯಾರ ಕಣ್ಣಿಗೂ ಬೀಳದೆ ಕೂರಬಯಸುವವರಿಗೆ ಸ್ನಗ್ ಎಂಬ ಪುಟ್ಟ ಕೋಣೆ. ವಯಸ್ಸಾದ ಹೆಂಗಸರು ಹೆಚ್ಚಾಗಿ ಅಲ್ಲಿರುತ್ತಿದ್ದರು. ಮನೆಗೆ ಒಯ್ಯುವವರಿಗೆ ಜಗ್ ಅಂಡ್ ಬಾಟಲ್ ಎಂಬ ಕಿಂಡಿ. ಸಂಜೆ ಅಪ್ಪನಿಗೆ ಬಿಯರ್ ತರಲು ಮಕ್ಕಳು ಹೂಜಿ ಹಿಡಿದು ಅಲ್ಲಿ ಸಾಲು ನಿಲ್ಲುತ್ತಿದ್ದರು. ದಾರಿಯಲ್ಲಿ ಮಕ್ಕಳು ಗುಟುಕರಿಸುತ್ತಾರೆಂಬ ದೂರು ಹೆಚ್ಚಾಗಿ, 14 ವರ್ಷದೊಳಗಿನವರ ಕೈಗೆ ಮುದ್ರೆ ಒತ್ತಿ ಮುಚ್ಚಿದ ಪಾತ್ರೆಯಲ್ಲಿ ಮಾತ್ರ ಕೊಡಬೇಕೆಂದು 1901ರಲ್ಲಿ ಕಾಯ್ದೆ ಆಯಿತು. ನಮ್ಮ ಹಳೆಯ ಮನೆಗಳಲ್ಲಿ ಜಗಲಿಗೆ ಬರುವವರು ಯಾರು, ಪಡಸಾಲೆಗೆ ಬರುವವರು ಯಾರು, ಒಳಗೆ ಬರುವವರು ಯಾರು ಎಂಬುದು ಹೊಸ್ತಿಲುಗಳಿಂದಲೇ ತಿಳಿಯುತ್ತಿತ್ತಲ್ಲ, ಪಬ್‌ನ ಬಾಗಿಲುಗಳೂ ಹಾಗೆಯೇ ಇಂಗ್ಲೆಂಡಿನ ವರ್ಗಭೇದವನ್ನು ಬಾಯಿಬಿಟ್ಟು ಹೇಳುತ್ತಿದ್ದವು. 1960–70ರ ದಶಕಗಳಲ್ಲಿ ಈ ತಡಿಕೆಗಳನ್ನು ಸಾವಿರಾರು ಪಬ್‌ಗಳಲ್ಲಿ ಕಿತ್ತು ಒಂದೇ ಹಜಾರ ಮಾಡಿದರು. ಆದ್ದರಿಂದಲೇ ಹಳೆಯ ವಿಭಾಗಗಳ ಗುರುತನ್ನು ಉಳಿಸಿಕೊಂಡ ಪಬ್ ಸಿಕ್ಕರೆ ನಾವು ಅದನ್ನು ಅಷ್ಟು ಜತನ ಮಾಡುವುದು.

ಕುಡಿತಕ್ಕಿಂತ ಹೆಚ್ಚಿನ ಕೆಲಸಗಳು ಈ ಕೋಣೆಗಳಲ್ಲಿ ನಡೆಯುತ್ತಿದ್ದವು. ಸಂಶಯಾಸ್ಪದ ಸಾವಿನ ತನಿಖೆಗೆ ಕಾರೋನರ್ ಎಂಬ ಅಧಿಕಾರಿ ಕೂರುತ್ತಿದ್ದದ್ದು ಪಬ್‌ನ ಮಹಡಿಯಲ್ಲಿ. ಕಾಯಿಲೆಗೂ ಶವಸಂಸ್ಕಾರಕ್ಕೂ ಚಂದಾ ಎತ್ತುವ ಕಾರ್ಮಿಕರ ಪರಸ್ಪರ ನೆರವಿನ ಸಂಘಗಳು, ಆಮೇಲೆ ಕಾರ್ಮಿಕ ಸಂಘಟನೆಗಳು ಸಭೆ ಸೇರುತ್ತಿದ್ದದ್ದು ಅಲ್ಲೇ. ಬಡವರ ಬಳಿ ಅಷ್ಟು ಜನ ಕೂರುವ ಬೇರೆ ಜಾಗ ಇರಲಿಲ್ಲ. ಇದರ ಕೆಟ್ಟ ಮುಖವೂ ಇತ್ತು. ಮೇಸ್ತ್ರಿಗಳು ವಾರದ ಕೂಲಿಯನ್ನು ಪಬ್‌ನಲ್ಲೇ ಬಟವಾಡೆ ಮಾಡುತ್ತಿದ್ದರು, ಹಣ ಮನೆ ಮುಟ್ಟುವ ಮೊದಲೇ ಕರಗುತ್ತಿತ್ತು. 1883ರಲ್ಲಿ ಪಬ್‌ಗಳಲ್ಲಿ ಕೂಲಿ ಹಂಚುವುದನ್ನು ಕಾನೂನು ನಿಷೇಧಿಸಿತು. ಅಂಥ ಕಾಯ್ದೆ ಬೇಕಾಯಿತೆಂದರೆ ಎಷ್ಟು ಸಂಸಾರಗಳು ನಲುಗಿದ್ದವೆಂದು ಊಹಿಸಿಕೊಳ್ಳಬಹುದು. ಪಬ್‌ನ ಚರಿತ್ರೆ ಹೇಳುವವರು ಇದನ್ನು ಮರೆಮಾಚಬಾರದು.

ಮೊದಲ ಮಹಾಯುದ್ಧ ಎಲ್ಲವನ್ನೂ ಬದಲಿಸಿತು. ಮದ್ದುಗುಂಡು ಕಾರ್ಖಾನೆಗಳಲ್ಲಿ ಕೆಲಸ ಕುಂಟುತ್ತಿರುವುದಕ್ಕೆ ಕುಡಿತವೇ ಕಾರಣವೆಂದು ಆಗಿನ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ 1915ರಲ್ಲಿ ಗುಡುಗಿದರು. ಜರ್ಮನಿ, ಆಸ್ಟ್ರಿಯಾಗಳಿಗಿಂತ ಮದ್ಯವೇ ದೊಡ್ಡ ಶತ್ರು ಎಂಬುದು ಅವರ ವಾದ. ದೊರೆ ಐದನೆಯ ಜಾರ್ಜ್ ಯುದ್ಧ ಮುಗಿಯುವವರೆಗೆ ಮದ್ಯ ತ್ಯಜಿಸುವುದಾಗಿ ಘೋಷಿಸಿದರು. ಹಲವು ಪ್ರದೇಶಗಳಲ್ಲಿ ಪಬ್ ತೆರೆಯುವ ಅವಧಿ ಮಧ್ಯಾಹ್ನ 12ರಿಂದ 2.30, ಸಂಜೆ 6.30ರಿಂದ 9ಕ್ಕೆ ಇಳಿಯಿತು. ಇನ್ನೊಬ್ಬರಿಗೆ ಪಾನೀಯ ಕೊಡಿಸುವುದೇ ಅಪರಾಧವಾಯಿತು. ಕಾರ್ಲೈಲ್ ಪಟ್ಟಣದ ಪಬ್‌ಗಳನ್ನೂ ಬ್ರೂವರಿಗಳನ್ನೂ 1916ರಲ್ಲಿ ಸರ್ಕಾರವೇ ವಶಪಡಿಸಿಕೊಂಡು 1970ರ ದಶಕದ ಆರಂಭದವರೆಗೆ ನಡೆಸಿತು. ಯುದ್ಧದ ತುರ್ತಿಗೆ ಬಂದ ಮಧ್ಯಾಹ್ನದ ಮುಚ್ಚುಗಡೆ 1988ರವರೆಗೂ ಇಂಗ್ಲೆಂಡನ್ನು ಬಿಡಲಿಲ್ಲ. ನಿಮ್ಮ ಮಗಳ ಮನೆಯ ಸುತ್ತಮುತ್ತ ಇರುವ ಹಿರಿಯರನ್ನು ಕೇಳಿದರೆ, ಮಧ್ಯಾಹ್ನ ಪಬ್‌ನಿಂದ ಜನರನ್ನು ಹೊರಗೆ ಕಳಿಸುತ್ತಿದ್ದ ಗಂಟೆಯ ಸದ್ದನ್ನು ಅವರು ಇನ್ನೂ ನೆನಪಿಟ್ಟುಕೊಂಡಿರುತ್ತಾರೆ.

ಕಾರ್ಲ್‌ಟನ್ ಟ್ಯಾವರ್ನ್ ಹುಟ್ಟಿದ್ದು ಈ ಯುದ್ಧದ ಗಾಯದಿಂದಲೇ. ಅದೇ ಜಾಗದಲ್ಲಿ ಮೊದಲೊಂದು ಪಬ್ ಇತ್ತು. ಜರ್ಮನ್ ಬಾಂಬ್ ದಾಳಿಯಲ್ಲಿ ಅದು ನಾಶವಾಯಿತು. ಈಸ್ಟ್ ಎಂಡ್‌ನ ಮೈಲ್ ಎಂಡ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆ ಹೊಂದಿದ್ದ ಚ್ಯಾರಿಂಗ್ಟನ್ ಎಂಬ ಬ್ರೂವರಿ, ವಾಸ್ತುಶಿಲ್ಪಿ ಫ್ರಾಂಕ್ ಜೆ. ಪಾಟರ್ ಅವರಿಂದ ನಕ್ಷೆ ಮಾಡಿಸಿ ಹೊಸ ಕಟ್ಟಡ ಕಟ್ಟಿಸಿತು. ವರ್ಷವನ್ನು ಗಮನಿಸಿ. 1919ರ ವಸತಿ ಕಾಯ್ದೆಯ ನಂತರ ಇಟ್ಟಿಗೆ, ಮರ, ಗಾರೆಯವರು, ಎಲ್ಲವೂ ಮರಳಿ ಬಂದ ಸೈನಿಕರ ಕುಟುಂಬಗಳಿಗೆ ಮನೆ ಕಟ್ಟುವುದಕ್ಕೆ ಮೀಸಲಾಗಿದ್ದ ಕಾಲ ಅದು. ಆಗ ಎದ್ದ ಪಬ್‌ಗಳು ಬೆರಳೆಣಿಕೆಯಷ್ಟು. ಪಬ್ ಎಂದರೆ ಗಂಡಸರು ನಿಂತುಕೊಂಡು ಕುಡಿಯುವ ಜಾಗವಾಗಿರಬಾರದು, ಊಟ, ಚಹಾ, ಕೂರಲು ಕುರ್ಚಿ, ಹೆಂಗಸರು ಮರ್ಯಾದೆಯಿಂದ ಬಂದು ಹೋಗುವ ವ್ಯವಸ್ಥೆ ಇರಬೇಕು ಎಂಬ ಸುಧಾರಣೆಯ ಮಾತು ಆಗ ಜೋರಾಗಿತ್ತು. ಕಾರ್ಲ್‌ಟನ್ ಟ್ಯಾವರ್ನ್‌ನ ಹೊರಗೋಡೆಯಲ್ಲಿ ಊಟ ಮತ್ತು ಚಹಾದ ಕೋಣೆಯ ಫಲಕ ಇದ್ದದ್ದು ಆ ಸುಧಾರಣೆಯ ಸಾಕ್ಷಿ. ನನಗೆ ಇಡೀ ಕಟ್ಟಡದಲ್ಲಿ ಅತ್ಯಂತ ಪ್ರಿಯವಾದ ಭಾಗ ಅದು. ಬೆಂಕಿಗೂಡುಗಳು, ಗಾರೆ ಕೆಲಸದ ಚಾವಣಿ, ಗೋಡೆಯ ಟೈಲುಗಳು ತೊಂಬತ್ತು ವರ್ಷ ಬಹುಮಟ್ಟಿಗೆ ಹಾಗೆಯೇ ಉಳಿದಿದ್ದವು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಆ ಬೀದಿಯಲ್ಲಿ ಉಳಿದ ಕಟ್ಟಡ ಅದೊಂದೇ ಎಂದು ಸ್ಥಳೀಯರು ಹೇಳುತ್ತಾರೆ. ಸುತ್ತ ಫ್ಲ್ಯಾಟುಗಳ ನಡುವೆ ಅದು ಒಂಟಿಯಾಗಿ ನಿಂತಿರುವುದಕ್ಕೆ ಕಾರಣ ನಿಮಗೆ ಈಗ ತಿಳಿಯಿತು.

ಆ ಪ್ರದೇಶಕ್ಕೂ ಪಬ್‌ಗೂ ಇನ್ನೊಂದು ನಂಟಿದೆ. 1806ರಲ್ಲಿ ದಕ್ಷಿಣ ಇಟಲಿಯ ಮೈಡಾ ಎಂಬಲ್ಲಿ ನೆಪೋಲಿಯನ್ನನ ಸೇನೆಯನ್ನು ಸರ್ ಜಾನ್ ಸ್ಟುವರ್ಟ್ ಸೋಲಿಸಿದ. ಆ ವಿಜಯದ ನೆನಪಿಗೆ ಎಡ್ಜ್‌ವೇರ್ ರಸ್ತೆಯಲ್ಲಿ ಒಂದು ಪಬ್ ತೆರೆಯಿತು. ಪಬ್‌ನ ಹೆಸರೇ ಬಡಾವಣೆಗೆ ಅಂಟಿ ಮೈಡಾ ವೇಲ್ ಆಯಿತು. ಲಂಡನ್ ಮೆಟ್ರೋದ ಏಂಜಲ್, ಎಲಿಫೆಂಟ್ ಅಂಡ್ ಕ್ಯಾಸಲ್, ರಾಯಲ್ ಓಕ್, ಸ್ವಿಸ್ ಕಾಟೇಜ್ ನಿಲ್ದಾಣಗಳ ಹೆಸರುಗಳೂ ಹೀಗೆ ಪಬ್ ಅಥವಾ ವಸತಿಗೃಹಗಳಿಂದ ಬಂದವು. ಜನ ತಮ್ಮ ಊರನ್ನು ಗುರುತಿಸುತ್ತಿದ್ದದ್ದೇ ಅವುಗಳಿಂದ.

ಎಲ್ಲರಿಗೂ ಅಲ್ಲಿ ಸಮಾನ ಸ್ವಾಗತ ಇತ್ತೆಂದು ಭಾವಿಸಬೇಡಿ. ನಮ್ಮ ದೇಶದಿಂದ ಹೋದವರ ಅನುಭವವೇ ಇದಕ್ಕೆ ಸಾಕ್ಷಿ. 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಸ್ಮೆದಿಕ್ ಪಟ್ಟಣದ ಎರಕದ ಕಾರ್ಖಾನೆಗಳಲ್ಲಿ ಸಾವಿರಾರು ಪಂಜಾಬಿಗಳು ದುಡಿಯುತ್ತಿದ್ದರು. ಅಲ್ಲಿನ ಪಬ್‌ಗಳು ಅವರನ್ನು ಕೆಲವು ಕೋಣೆಗಳಿಗೆ ಬಿಡುತ್ತಿರಲಿಲ್ಲ. ವರ್ಗಕ್ಕೆಂದು ಮಾಡಿದ ತಡಿಕೆ ಬಣ್ಣಕ್ಕೂ ಬಳಕೆಯಾಯಿತು. ಭಾರತೀಯ ಕಾರ್ಮಿಕರ ಸಂಘದ ಅವತಾರ್ ಸಿಂಗ್ ಜೌಹಲ್ ಈ ಭೇದದ ವಿರುದ್ಧ ಹೋರಾಡಿದರು. 1965ರ ಫೆಬ್ರವರಿ 12ರಂದು ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್ ಸ್ಮೆದಿಕ್‌ಗೆ ಬಂದಾಗ ಅವರನ್ನು ಜೌಹಲ್ ಬ್ಲೂ ಗೇಟ್ಸ್ ಎಂಬ ಪಬ್‌ಗೆ ಕರೆದೊಯ್ದರು. ಬಿಳಿಯರ ಕೋಣೆಯಲ್ಲಿ ಅವರಿಗೆ ಏನನ್ನೂ ಕೊಡಲು ನಿರಾಕರಿಸಲಾಯಿತು. ಒಂಬತ್ತು ದಿನಗಳ ನಂತರ ನ್ಯೂಯಾರ್ಕಿನಲ್ಲಿ ಮಾಲ್ಕಮ್ ಎಕ್ಸ್ ಹತ್ಯೆಯಾಯಿತು. ಅದೇ ವರ್ಷ ಬಂದ ಜನಾಂಗ ಸಂಬಂಧ ಕಾಯ್ದೆ ಸಾರ್ವಜನಿಕ ಸ್ಥಳಗಳಲ್ಲಿ, ಪಬ್‌ಗಳೂ ಸೇರಿ, ಇಂಥ ತಾರತಮ್ಯವನ್ನು ಕಾನೂನುಬಾಹಿರ ಮಾಡಿತು. ಅದೇ ಭಾಗದ ಹಲವು ಪಬ್‌ಗಳನ್ನು ಇಂದು ಪಂಜಾಬಿ ಕುಟುಂಬಗಳು ನಡೆಸುತ್ತಿವೆ. ಹೆಂಗಸರಿಗೆ ಕೌಂಟರ್ ಬಳಿ ನಿಂತು ಕುಡಿಯುವ ಹಕ್ಕು ಖಚಿತವಾದದ್ದು ಇನ್ನೂ ತಡವಾಗಿ. ಫ್ಲೀಟ್ ಸ್ಟ್ರೀಟ್‌ನ ಒಂದು ವೈನ್ ಬಾರ್ ವಿರುದ್ಧ ಇಬ್ಬರು ಮಹಿಳೆಯರು ಹೂಡಿದ ದಾವೆಯಲ್ಲಿ ಮೇಲ್ಮನವಿ ನ್ಯಾಯಾಲಯ 1982ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ತಡಿಕೆಗಳ ಗುರುತು ಉಳಿಯಬೇಕು ಎಂದು ನಾನು ಹೇಳುವುದು ಈ ಅನ್ಯಾಯಗಳನ್ನೂ ನೆನಪಿಟ್ಟುಕೊಂಡೇ. ಗೋಡೆ ಇಲ್ಲದಿದ್ದರೆ ಈ ಸಂಗತಿಯನ್ನು ಮುಂದಿನವರಿಗೆ ತೋರಿಸುವುದು ಹೇಗೆ?

ಕನ್ನಡ ಓದುಗರಿಗೆ ಇದೆಲ್ಲ ದೂರದ್ದೆನಿಸುವುದಕ್ಕೆ ಒಂದು ಕಾರಣವಿದೆ. 1980ರ ದಶಕದಲ್ಲಿ ಬೆಂಗಳೂರಿಗೆ ಬಂದ ಪಬ್‌ಗಳು ಹೆಸರನ್ನೂ ಅಲಂಕಾರವನ್ನೂ ಇಂಗ್ಲೆಂಡಿನಿಂದ ತಂದವು. ಅವು ಯುವಕರು, ಕಚೇರಿಗೆ ಹೋಗುವವರು ಸೇರುವ ಪೇಟೆಯ ತಾಣಗಳಾದವು. ಅಜ್ಜ, ಅಜ್ಜಿ, ನಾಯಿ, ಮಕ್ಕಳ ಸಮೇತ ಒಂದೇ ಓಣಿಯವರು ಭಾನುವಾರದ ಊಟಕ್ಕೆ ಹೋಗುವ ಜಾಗದ ಅನುಭವ ನಮಗೆ ಅವುಗಳಿಂದ ಸಿಗಲಿಲ್ಲ.

ಇಂಗ್ಲೆಂಡಿನಲ್ಲೂ ಅದು ಕರಗುತ್ತಿದೆ. ಬ್ರಿಟನ್ನಿನಲ್ಲಿ 1980ರ ದಶಕದ ಆರಂಭದಲ್ಲಿ ಸುಮಾರು 70,000 ಪಬ್‌ಗಳಿದ್ದವು, ಈಗ ಸುಮಾರು 45,000 ಇವೆ. ಲಂಡನ್ 2001ರಿಂದ 2016ರೊಳಗೆ ತನ್ನ ಪಬ್‌ಗಳಲ್ಲಿ ನಾಲ್ಕರಲ್ಲೊಂದನ್ನು ಕಳೆದುಕೊಂಡಿತು. 2007ರ ಧೂಮಪಾನ ನಿಷೇಧ, ಸೂಪರ್ ಮಾರ್ಕೆಟ್‌ಗಳ ಅಗ್ಗದ ಬಿಯರ್ ಎಂದು ಜನ ಕಾರಣ ಹೇಳುತ್ತಾರೆ. ಅವು ನಿಜವೇ, ಆದರೆ ನನ್ನ ದೃಷ್ಟಿಯಲ್ಲಿ ದೊಡ್ಡ ಪೆಟ್ಟು ಕೊಟ್ಟದ್ದು ಜಮೀನಿನ ಬೆಲೆ. ಬ್ರೂವರಿಗಳ ಏಕಸ್ವಾಮ್ಯ ಮುರಿಯಲೆಂದು 1989ರಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿತು. 2,000ಕ್ಕಿಂತ ಹೆಚ್ಚು ಪಬ್‌ಗಳಿರುವ ದೊಡ್ಡ ಬ್ರೂವರಿಗಳು ಆ ಮಿತಿ ಮೀರಿದವುಗಳಲ್ಲಿ ಅರ್ಧದಷ್ಟನ್ನು ಮಾರಬೇಕು, ಇಲ್ಲವೇ ಕರಾರಿನಿಂದ ಬಿಡಿಸಬೇಕು ಎಂಬುದು ಅದರ ಸಾರ. ಬ್ರೂವರಿಗಳು ಮಾರಿದವು, ಕೊಂಡವರು ಪಬ್‌ಗಳ ಒಡೆತನವನ್ನೇ ವ್ಯವಹಾರ ಮಾಡಿಕೊಂಡ ಹೊಸ ಕಂಪನಿಗಳು. ಬಿಯರ್ ತಯಾರಿಸದ, ಸಾಲದ ಮೇಲೆ ನಿಂತ ಆ ಕಂಪನಿಗಳಿಗೆ ಮೂಲೆಯ ಪಬ್ ಒಂದು ಆಸ್ತಿ ಮಾತ್ರ. ಲಂಡನ್ನಿನಲ್ಲಿ ಅದೇ ಜಾಗದಲ್ಲಿ ಫ್ಲ್ಯಾಟ್ ಕಟ್ಟಿದರೆ ಬರುವ ಹಣದ ಮುಂದೆ ಬಿಯರ್‌ನ ಲಾಭ ಏನೇನೂ ಅಲ್ಲ. ಪಬ್ ಚೆನ್ನಾಗಿ ನಡೆಯುತ್ತಿದ್ದರೂ ಮುಚ್ಚುತ್ತದೆ, ಏಕೆಂದರೆ ನೆಲ ಹೆಚ್ಚು ಬೆಲೆಬಾಳುತ್ತದೆ.

ಇದಕ್ಕೆ ಜನ ಎದುರುನಿಂತ ರೀತಿ ನನಗೆ ಬಹಳ ಮೆಚ್ಚುಗೆ. 2011ರ ಕಾಯ್ದೆಯೊಂದರ ಪ್ರಕಾರ ಸ್ಥಳೀಯರು ಒಂದು ಪಬ್ಬನ್ನು ಸಮುದಾಯದ ಆಸ್ತಿಯೆಂದು ನೋಂದಾಯಿಸಬಹುದು. ಮಾಲೀಕರು ಮಾರಲು ಹೊರಟರೆ ಹಣ ಹೊಂದಿಸಿಕೊಳ್ಳಲು ಅವರಿಗೆ ಆರು ತಿಂಗಳು ಸಿಗುತ್ತದೆ. ಆಗ್ನೇಯ ಲಂಡನ್ನಿನ ನನ್‌ಹೆಡ್‌ನ ಐವಿ ಹೌಸ್ ಹಾಗೆ ನೋಂದಾಯಿತವಾದ ಮೊದಲ ಪಬ್. ಬಡಾವಣೆಯವರು ಷೇರು ಎತ್ತಿ, ಸಾಲ ತಂದು ಅದನ್ನು ಕೊಂಡರು, 2013ರಿಂದ ಸಹಕಾರಿ ಮಾದರಿಯಲ್ಲಿ ನಡೆಸುತ್ತಿದ್ದಾರೆ. 2017ರಲ್ಲಿ ಇಂಗ್ಲೆಂಡಿನಾದ್ಯಂತ ಯಾವುದೇ ಪಬ್ಬನ್ನು ಕೆಡವಲು ಅಥವಾ ಬೇರೆ ಬಳಕೆಗೆ ತಿರುಗಿಸಲು ಯೋಜನಾ ಅನುಮತಿ ಕಡ್ಡಾಯವಾಯಿತು.

ಕಾರ್ಲ್‌ಟನ್ ಟ್ಯಾವರ್ನ್‌ನ ಪ್ರಕರಣದಲ್ಲಿ ಗೆಲುವಿನ ಬೀಜ ಬಿತ್ತಿದ್ದು ಕಟ್ಟಡ ಬೀಳುವ ಮೊದಲೇ. ಮಾಲೀಕರ ಉದ್ದೇಶದ ಬಗ್ಗೆ ಅನುಮಾನಗೊಂಡ ನಿವಾಸಿಗಳು ಪರಂಪರೆ ಸಂಸ್ಥೆಯ ತಜ್ಞರನ್ನು ಕರೆಸಿದ್ದರು. ಅವರು ಪ್ರತಿ ಕೋಣೆಯ ಚಿತ್ರ ತೆಗೆದು, ಟೈಲುಗಳ ಅಚ್ಚು ತೆಗೆದು ಇಟ್ಟಿದ್ದರು. ‘ಇದ್ದ ಹಾಗೆಯೇ ಕಟ್ಟಿ’ ಎಂಬ ಆದೇಶಕ್ಕೆ ಅರ್ಥ ಬರಬೇಕಾದರೆ ಇದ್ದದ್ದು ಹೇಗೆ ಎಂಬುದು ಸಾಬೀತಾಗಬೇಕು. ಆ ದಾಖಲೆ ಇಲ್ಲದಿದ್ದರೆ ಮಾಲೀಕರ ವಕೀಲರು ಸುಲಭವಾಗಿ ‘ಅಸಾಧ್ಯ’ ಎನ್ನಬಹುದಿತ್ತು. ಒಂದು ಪಬ್‌ನ ಚರಿತ್ರೆ ಹುಡುಕುವವರಿಗೆ ಕಾಗದಪತ್ರವೂ ಧಾರಾಳವಾಗಿ ಸಿಗುತ್ತದೆ. ಮ್ಯಾಜಿಸ್ಟ್ರೇಟರ ಪರವಾನಗಿ ಪುಸ್ತಕಗಳು, ವ್ಯಾಪಾರಿಗಳ ವಾರ್ಷಿಕ ಡೈರೆಕ್ಟರಿಗಳು, ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ಬೆಂಕಿ ವಿಮೆಯ ನಕ್ಷೆಗಳು, ಬ್ರೂವರಿಗಳ ಕಡತಗಳು. ಒಳಗಿನ ತಡಿಕೆ ಬದಲಿಸಬೇಕಾದರೂ ಮ್ಯಾಜಿಸ್ಟ್ರೇಟರಿಗೆ ನಕ್ಷೆ ಒಪ್ಪಿಸಬೇಕೆಂದು 1902ರ ಕಾಯ್ದೆ ಹೇಳಿದ್ದರಿಂದ, ಎಷ್ಟೋ ಸಾಮಾನ್ಯ ಪಬ್‌ಗಳ ಕೋಣೆಗಳ ವಿವರ ದೊಡ್ಡ ಬಂಗಲೆಗಳದ್ದಕ್ಕಿಂತ ಚೆನ್ನಾಗಿ ದಾಖಲಾಗಿದೆ.

ಮತ್ತೆ ಕಟ್ಟಿದ್ದನ್ನು ಹಳೆಯದೆನ್ನಬಹುದೇ ಎಂದು ಕೇಳಿದ್ದೀರಿ. ಎನ್ನಲಾಗದು. 1921ರ ಗಾರೆಯವನ ಕೈಗುರುತು, ತೊಂಬತ್ತು ವರ್ಷ ಜನ ಒರಗಿ ನುಣುಪಾದ ಮರದ ಅಂಚು ಹೋದದ್ದು ಹೋಯಿತು. ಸಂರಕ್ಷಣಾ ಶಾಸ್ತ್ರದ ಶುದ್ಧ ತತ್ವದ ಪ್ರಕಾರ ಇಂಥ ನಕಲನ್ನು ಪ್ರೋತ್ಸಾಹಿಸಬಾರದು, ಹಳೆಯದರ ಸೋಗು ಹಾಕಬಾರದು. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಈಗಲೂ ಹಾಗೆ ವಾದಿಸುತ್ತಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಇಲ್ಲಿ ಕಾಲ ಕಟ್ಟಡವನ್ನು ಸವೆಸಲಿಲ್ಲ, ಗೊತ್ತಿದ್ದೂ ಕೆಡವಿದರು. ಕೆಡವಿದರೆ ಲಾಭ ಎಂಬ ಲೆಕ್ಕ ಸುಳ್ಳಾಗಬೇಕಿತ್ತು. ಕೋಣೆಗಳ ಅಳತೆ, ಬಾಗಿಲುಗಳ ಜಾಗ, ಚಹಾ ಕೋಣೆಯ ಫಲಕ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನೆರೆಯವರು ಬಂದು ಕೂರುವ ಬಳಕೆ ಹಿಂದಿರುಗಿತು. ಅದರ ಪರಿಣಾಮ ಮುಂದೆಯೂ ಕಂಡಿತು. 1765ರಲ್ಲಿ ತೋಟದ ಮನೆಯಾಗಿ ಕಟ್ಟಿ, ಗಣಿಗಾರಿಕೆಯಿಂದ ನೆಲ ಕುಸಿದು ವಾಲಿಕೊಂಡಿದ್ದ ಸ್ಟ್ಯಾಫರ್ಡ್‌ಷೈರ್‌ನ ‘ಕ್ರೂಕೆಡ್ ಹೌಸ್’ ಪಬ್ 2023ರ ಆಗಸ್ಟ್ 5ರಂದು ಬೆಂಕಿಗೆ ತುತ್ತಾಯಿತು, ಎರಡೇ ದಿನಗಳಲ್ಲಿ ಅದನ್ನು ಕೆಡವಲಾಯಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ಜಿಲ್ಲಾಡಳಿತ ಅದನ್ನು ಮತ್ತೆ ಕಟ್ಟಬೇಕೆಂದು ಆದೇಶ ಹೊರಡಿಸಿದಾಗ, ಎಲ್ಲರ ಬಾಯಲ್ಲೂ ಇದ್ದ ಹೆಸರು ಕಾರ್ಲ್‌ಟನ್ ಟ್ಯಾವರ್ನ್.

ಕೊನೆಯದಾಗಿ, ಕುಡಿಯದಿದ್ದರೂ ಧಾರಾಳವಾಗಿ ಒಳಗೆ ಹೋಗಿ. ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಮೇಜಿಗೆ ಯಾರಾದರೂ ಬಂದು ಕೇಳುತ್ತಾರೆಂದು ಕಾಯಬೇಡಿ. ಪಬ್‌ಗಳಲ್ಲಿ ನೀವೇ ಕೌಂಟರ್‌ಗೆ ಹೋಗಿ ಹೇಳಿ, ಅಲ್ಲೇ ಹಣ ಕೊಡುವುದು ರೂಢಿ. ಕಾಫಿ, ಹಣ್ಣಿನ ರಸ, ಶುಂಠಿಯ ಸೋಡಾ ಯಾವುದನ್ನು ಕೇಳಿದರೂ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಸಸ್ಯಾಹಾರಿಯಾಗಿದ್ದರೆ ಮೊದಲೇ ಹೇಳಿ, ಆಲೂಗಡ್ಡೆ ಚಿಪ್ಸನ್ನು ಕೆಲವು ಕಡೆ ಪ್ರಾಣಿಯ ಕೊಬ್ಬಿನಲ್ಲಿ ಕರಿಯುತ್ತಾರೆ. ವಾರದ ನಡುವಿನ ಮಧ್ಯಾಹ್ನ ಹೋದರೆ ಜನ ಕಡಿಮೆ, ಕೌಂಟರ್‌ನಲ್ಲಿರುವವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಹೊರಗಿನಿಂದ ಒಂದು ಸುತ್ತು ಹಾಕಿ ಬಾಗಿಲುಗಳನ್ನು ಎಣಿಸಿಕೊಂಡು, ಆಮೇಲೆ ಒಳಗೆ ಹೋಗಿ ಯಾವ ಬಾಗಿಲು ಯಾವ ಕೋಣೆಗೆ ತೆರೆಯುತ್ತದೆ ಎಂದು ನೋಡಿ. ಅಳಿಯನನ್ನೂ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.